ಉಪ್ಪುನೀರಿನ ಗದ್ದೆ: ಸಿಗಡಿ ಕೆರೆಯೋ, ಕಾಂಡ್ಲಾವೋ?

ಉಡುಪಿಯ ಉದ್ಯಾವರ, ಕೆಮ್ಮಣ್ಣು ಕಡೆ ಹೊಳೆಬದಿಯ ನಿಮ್ಮ ಗದ್ದೆ ಉಪ್ಪುನೀರು ನುಗ್ಗಿ ಹಡಿಲು ಬಿದ್ದಿದೆಯಾ? ಹಾಗಿದ್ದರೆ ಎರಡು ದಾರಿ ಇವೆ: ಸಿಗಡಿ ಕೆರೆ ಮಾಡುವುದು, ಇಲ್ಲವೇ ಕಾಂಡ್ಲಾ (ಉಪ್ಪುನೀರಿನಲ್ಲಿ ಬೆಳೆಯುವ ಮ್ಯಾಂಗ್ರೋವ್ ಗಿಡ) ಬೆಳೆಯಲು ಬಿಡುವುದು.

ಸಿಗಡಿ ಕೆರೆ ಮಾಡಿದರೆ ದುಡ್ಡು ಬೇಗ ಬರುತ್ತದೆ. ಮೂರ್ನಾಲ್ಕು ತಿಂಗಳಿಗೆ ಒಂದು ಬೆಳೆ. ಆದರೆ ಪರವಾನಗಿ ಬೇಕು. ಮರಿ, ಆಹಾರ, ಕರೆಂಟು ಎಲ್ಲಕ್ಕೂ ಮೊದಲೇ ದುಡ್ಡು ಹಾಕಬೇಕು. ಬಿಳಿಚುಕ್ಕೆ ರೋಗ ಬಂದರೆ ಹತ್ತೇ ದಿನದಲ್ಲಿ ಇಡೀ ಕೆರೆ ಖಾಲಿ, ಸಾಲ ಮಾತ್ರ ಉಳಿಯುತ್ತದೆ. 1990ರ ದಶಕದಲ್ಲಿ ದೇಶದ ಕರಾವಳಿಯಲ್ಲಿ ಎಷ್ಟೋ ಜನ ಹೀಗೇ ಕೈಸುಟ್ಟುಕೊಂಡರು. ಪಕ್ಕದ ಮನೆಯ ಬಾವಿನೀರು ಉಪ್ಪಾಗುವ ಭಯ ಬೇರೆ.

ಕಾಂಡ್ಲಾ ಬೆಳೆಯಲು ಬಿಟ್ಟರೆ ಮೊದಲ ಕೆಲವು ವರ್ಷ ಏನೂ ಸಿಗುವುದಿಲ್ಲ. ಆಮೇಲೆ ನೋಡಿ, ನೀರು ಇಳಿದಾಗ ಬೇರಿನ ಸಂದಿಯಲ್ಲಿ ಏಡಿ, ಕೆಸರಿನಲ್ಲಿ ಮರುವಾಯಿ (ತಿನ್ನುವ ಚಿಪ್ಪುಮೀನು). ಒಂದು ಬುಟ್ಟಿ ಇದ್ದರೆ ಸಾಕು, ಬಂಡವಾಳ ಬೇಡ. ಮೀನಿನ ಮರಿಗಳು ಬೆಳೆಯುವುದೂ ಈ ಬೇರುಗಳ ನಡುವೆಯೇ. ಹಾಗಾಗಿ ಬಲೆ ಬೀಸುವ ನೆರೆಯವರಿಗೂ ಅದರಲ್ಲಿ ಪಾಲಿದೆ. ಮಳೆಗಾಲದಲ್ಲಿ ದಂಡೆ ಕೊರೆಯುವುದೂ ಕಡಿಮೆ. ಆದರೆ ಬೆಳೆದ ಮೇಲೆ ಸುಮ್ನೆ ಕಡಿಯುವ ಹಾಗಿಲ್ಲ, ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ಇದೆ.

ಒಂದೆರಡು ಬೆಳೆ ಹೋದರೂ ತಡೆದುಕೊಳ್ಳುವವರಿಗೆ ಕೆರೆ ಆಗಬಹುದು. ದಿನದ ಅಡುಗೆಗೆ ಹೊಳೆಯನ್ನೇ ನಂಬಿದ ಮನೆಗೆ ನಾನಂತೂ ಕಾಂಡ್ಲಾವನ್ನೇ ಹೇಳುತ್ತೇನೆ.