ಮ್ಯೂಸಿಕಲ್ (ಹಾಡು-ಕುಣಿತದ ನಾಟಕ) ನೋಡೋಕೆ ನ್ಯೂಯಾರ್ಕಾ, ಲಂಡನ್ನಾ?

ನ್ಯೂಯಾರ್ಕಿನ ಥಿಯೇಟರ್ ಏರಿಯಾ ಬ್ರಾಡ್‌ವೇ ಹೆಸರು ದೊಡ್ಡದು ನಿಜ, ಆದ್ರೆ ದುಡ್ಡಿನ ಲೆಕ್ಕಕ್ಕೆ ಬಂದ್ರೆ ನಾನಂತೂ ಲಂಡನ್ ಕಡೆಗೇ, ಅದರ ಥಿಯೇಟರ್ ಏರಿಯಾ ವೆಸ್ಟ್ ಎಂಡ್‌ನಲ್ಲಿ ಟಿಕೆಟ್ ಸಾಮಾನ್ಯವಾಗಿ ಕಮ್ಮಿಗೆ ಸಿಗುತ್ತೆ, ಜೊತೆಗೆ ಬ್ರಾಡ್‌ವೇಲಿ 35 ವರ್ಷ ಓಡಿ 2023ರಲ್ಲಿ ನಿಂತೋದ 'ಫ್ಯಾಂಟಮ್ ಆಫ್ ದಿ ಆಪೆರಾ'ನ ಇಲ್ಲಿ 1986ರಲ್ಲಿ ಶುರುವಾದ ಥಿಯೇಟರಲ್ಲೇ ಇನ್ನೂ ಆಡ್ತಿದಾರೆ. ಥಿಯೇಟರುಗಳು ಮಾತ್ರ ಹಳೇವು, ಮೇಲಿನ ಬಾಲ್ಕನಿಗೆ ಕಡಿದಾದ ಮೆಟ್ಟಿಲು, ಅಪ್ಪ ಅಮ್ಮನ್ನ ಕರ್ಕೊಂಡು ಹೋಗೋರು ಕೆಳಗಡೆ ಸ್ಟಾಲ್ಸ್ (ನೆಲಮಟ್ಟದ) ಸೀಟೇ ತಗೊಳ್ಳಿ.

ಡಿಸ್ಕೌಂಟ್ ಟಿಕೆಟ್‌ಗೆ ಟಿಕೆಟಿಎಸ್ (TKTS) ಅನ್ನೋ ಕೌಂಟರ್ ಎರಡೂ ಕಡೆ ಇದೆ, ನ್ಯೂಯಾರ್ಕಲ್ಲಿ ಟೈಮ್ಸ್ ಸ್ಕ್ವೇರ್, ಲಂಡನ್ನಲ್ಲಿ ಲೆಸ್ಟರ್ ಸ್ಕ್ವೇರ್. ನ್ಯೂಯಾರ್ಕಲ್ಲಿ ಶೋ ವಿವರ ಇರೋ ಪ್ಲೇಬಿಲ್ ಪುಸ್ತಕ ಫ್ರೀ, ಲಂಡನ್ನಲ್ಲಿ ಅದಕ್ಕೂ ದುಡ್ಡು (ಜುಗ್ಗರು!).

ನ್ಯೂಯಾರ್ಕ್ ಪಕ್ಕದ ನ್ಯೂಜೆರ್ಸೀಲಿ ನೆಂಟರ ಮನೆ ಇದ್ರೆ ಬಿಡಿ, ರೂಮ್ ಬಾಡಿಗೆ ಉಳಿಯುತ್ತೆ, ಬ್ರಾಡ್‌ವೇಗೇ ಹೋಗಿ, ಸೋಮವಾರ ಮಾತ್ರ ಇಟ್ಕೋಬೇಡಿ, ಬಹಳಷ್ಟು ಶೋಗೆ ಅವತ್ತು ರಜಾ.