ಹೆಬ್ಬಾಳ, ನಂದಿ ಬೆಟ್ಟ, ನಾಲ್ಕು ದ್ರಾಕ್ಷಿ ಕ್ರೇಟು: ಮೂರು ಕಾರು ಓಡಿಸಿ ನೋಡಿದ ಲೆಕ್ಕ

ನಮ್ಮ ಹಳೇ ಡೀಸೆಲ್ ಗಾಡಿಗೆ ಹನ್ನೆರಡು ವರ್ಷ ತುಂಬಿತು. ಬದಲಾಯಿಸಲೇಬೇಕು ಅಂತ ಯುಗಾದಿ ಹೊತ್ತಿಗೇ ಮನೆಯಲ್ಲಿ ತೀರ್ಮಾನ ಆಗಿತ್ತು. ಯಾವ ಕಾರು ಅನ್ನೋದೇ ತಕರಾರು. ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಎಲೆಕ್ಟ್ರಿಕ್. ಭಾವ ಹೈಬ್ರಿಡ್, ಅಂದರೆ ಪೆಟ್ರೋಲ್ ಎಂಜಿನ್ ಜೊತೆ ಕರೆಂಟ್ ಮೋಟಾರೂ ಇರುವ ಕಾರು, ತಗೊಂಡು ವರ್ಷವಾಗಿದೆ, ಅವರಿಗೆ ಬೇರೆ ಕಾರೇ ಕಾಣಿಸುವುದಿಲ್ಲ. ಮಾವನವರದು ಒಂದೇ ಮಾತು: "ಸುಮ್ನೆ ಪೆಟ್ರೋಲ್ ಗಾಡಿ ತಗೊಳ್ಳಿ ಅಳಿಯಂದ್ರೇ, ಎಲ್ಲಿ ಕೆಟ್ಟು ನಿಂತ್ರೂ ಮೆಕ್ಯಾನಿಕ್ ಸಿಗ್ತಾನೆ."

ಮೊದಲು ಶೋರೂಮಿಗೇ ಹೋದೆ. ಟೆಸ್ಟ್ ಡ್ರೈವ್ ಅಂದರೆ ಬಿ.ಬಿ. ರಸ್ತೆಯಲ್ಲಿ ಹೋಗಿ ವಾಪಸ್ ಬರುವುದು, ಹದಿನೈದು ನಿಮಿಷ. ಪಕ್ಕದಲ್ಲಿ ಕೂತ ಹುಡುಗ ಮೀಟರ್ ತೋರಿಸಿ "ನೋಡಿ ಸಾರ್, 29 ಮೈಲೇಜ್" ಅಂದ. ಆ ಮೀಟರನ್ನು ಯಾವಾಗ ಸೊನ್ನೆಗೆ ತಂದಿದ್ದರೋ, ಯಾವ ಇಳಿಜಾರಿನಲ್ಲಿ ಓಡಿಸಿದ್ದರೋ! ಅವನನ್ನು ಬೈದು ಪ್ರಯೋಜನವಿಲ್ಲ. ಆದರೆ ಹದಿನೈದು ಲಕ್ಷಕ್ಕೂ ಮೇಲಿನ ವ್ಯವಹಾರವನ್ನು ಹದಿನೈದು ನಿಮಿಷದಲ್ಲಿ ಮುಗಿಸುವುದಕ್ಕೆ ಮನಸ್ಸು ಒಪ್ಪಲಿಲ್ಲ.

ಹಾಗಾಗಿ ಮೂರನ್ನೂ ಒಂದೊಂದು ವಾರ ಇಟ್ಟುಕೊಂಡು ಓಡಿಸಿದೆ. ಭಾವನ ಸ್ಟ್ರಾಂಗ್ ಹೈಬ್ರಿಡ್. ಬಾಡಿಗೆಗೆ ತಂದ ಮೈಲ್ಡ್ ಹೈಬ್ರಿಡ್ ಆಟೊಮ್ಯಾಟಿಕ್. ಗೆಳೆಯನ ಎಲೆಕ್ಟ್ರಿಕ್, ಅದರದು 45 ಯೂನಿಟ್ ಕರೆಂಟ್ ಹಿಡಿಸುವ ಬ್ಯಾಟರಿ. ಹೈಬ್ರಿಡ್‌ಗಳು ಎರಡೂ ಮಾರುತಿ ಗ್ರ್ಯಾಂಡ್ ವಿಟಾರಾ, ಟೊಯೊಟಾ ಹೈರೈಡರ್ ಕುಟುಂಬದವು. ಹೆಸರು ಎರಡು, ಒಳಗಿನ ಸಾಮಾನು ಬಹುಪಾಲು ಒಂದೇ. ಎರಡೂ 2022ರಲ್ಲಿ ಬಂದವು, ಮೊದಲು ತಯಾರಾಗಿದ್ದು ನಮ್ಮ ಬಿಡದಿಯಲ್ಲೇ.

ಮೈಲ್ಡು, ಸ್ಟ್ರಾಂಗು ಅನ್ನುವ ಹೆಸರಲ್ಲೇ ಅರ್ಧ ಜನ ಎಡವುತ್ತಾರೆ. ನಾನೂ ಎಡವಿದ್ದೆ. ಮೈಲ್ಡ್ ಅಂದರೆ ಪೆಟ್ರೋಲ್ ಕಾರೇ. ಸಿಗ್ನಲ್‌ನಲ್ಲಿ ಎಂಜಿನ್ ಆಫ್ ಮಾಡಿ ಆನ್ ಮಾಡಲು, ಎಳೆಯುವಾಗ ಸ್ವಲ್ಪ ಕೈ ಹಾಕಲು ಒಂದು ಸಣ್ಣ ಮೋಟಾರ್ ಇರುತ್ತದೆ, ಅಷ್ಟೇ. ಅದೊಂದರಿಂದಲೇ ಗಾಡಿ ಒಂದು ಅಡಿಯೂ ಮುಂದೆ ಹೋಗುವುದಿಲ್ಲ. ಸ್ಟ್ರಾಂಗ್‌ನಲ್ಲಿ ಮೋಟಾರೊಂದೇ ಕಾರನ್ನು ಎಳೆಯಬಲ್ಲದು. ಬ್ಯಾಟರಿ ಮಾತ್ರ ಪುಟ್ಟದು, 0.76 ಯೂನಿಟ್. ಗೆಳೆಯನ ಎಲೆಕ್ಟ್ರಿಕ್‌ನಲ್ಲಿ ಅದರ ಸುಮಾರು ಅರವತ್ತು ಪಟ್ಟು ಇದೆ. ಸ್ಟ್ರಾಂಗ್‌ಗೆ ಪ್ಲಗ್ ಹಾಕುವ ಮಾತೇ ಇಲ್ಲ. ಬ್ರೇಕ್ ಒತ್ತಿದಾಗ, ಇಳಿಜಾರಿನಲ್ಲಿ, ಇಲ್ಲವೇ ಎಂಜಿನ್ ಓಡುವಾಗ ತಾನೇ ತುಂಬಿಕೊಳ್ಳುತ್ತದೆ. ಅಮ್ಮ ಹಿಂದಿನ ಸೀಟಿನಲ್ಲಿ ಕೂತು "ಗಾಡಿ ಸ್ಟಾರ್ಟೇ ಮಾಡಿಲ್ವಲ್ಲೋ" ಅನ್ನುವಷ್ಟರಲ್ಲಿ ಕಾರು ಬೀದಿ ತಿರುವು ದಾಟಿತ್ತು. ಬೀದಿ ನಾಯಿಗಳಿಗೂ ಅಮ್ಮನದೇ ಸಮಸ್ಯೆ. ಸದ್ದಿಲ್ಲದ ಗಾಡಿಗೆ ಅವು ಏಳುವುದೇ ಇಲ್ಲ, ಹಾರ್ನ್ ಹೊಡೆಯಬೇಕು.

ನನ್ನ ಓಡಾಟ ಹೀಗೆ. ವಾರಕ್ಕೆ ಮೂರು ದಿನ ಚಿಕ್ಕಬಳ್ಳಾಪುರದಿಂದ ಹೆಬ್ಬಾಳದ ಕಡೆ ಆಫೀಸು, ಹೋಗಿ ಬರಲು 120 ಕಿ.ಮೀ. ಹತ್ತಿರ. ಉಳಿದ ದಿನ ಊರೊಳಗೆ ಸ್ಕೂಲು, ಸಂತೆ. ಎರಡು ಪೆಟ್ರೋಲ್ ಕಾರುಗಳಿಗೂ ಒಂದೇ ಬಂಕ್, ಫುಲ್ ಟ್ಯಾಂಕ್‌ನಿಂದ ಫುಲ್ ಟ್ಯಾಂಕ್. ರಸ್ತೆವಾರು ಅಂದಾಜಿಗೆ ಮಾತ್ರ ಮೀಟರ್ ನೋಡಿದೆ.

ಹೈವೇಯಲ್ಲಿ ನಿರಾಸೆ ಕಾದಿತ್ತು. ಹೆದ್ದಾರಿ 44ರಲ್ಲಿ ಸಾದಹಳ್ಳಿ ಟೋಲ್‌ವರೆಗೆ ತೊಂಬತ್ತು, ನೂರರಲ್ಲಿ ಹೋದರೆ ಸ್ಟ್ರಾಂಗ್ ಹೈಬ್ರಿಡ್ 21 ಕೊಟ್ಟಿತು, ಮೈಲ್ಡ್ 19. ಇಷ್ಟೇನಾ ಅನ್ನಿಸಿತು. ಆದರೆ ಯೋಚಿಸಿದರೆ ಅದು ಸರಿಯೇ. ಒಂದೇ ವೇಗದಲ್ಲಿ ಹೋಗುವಾಗ ಬ್ರೇಕ್ ಒತ್ತುವುದೇ ಕಡಿಮೆ, ಬ್ಯಾಟರಿಗೆ ವಾಪಸ್ ಬರುವುದಾದರೂ ಏನು? ಎಳೆಯುವ ಕೆಲಸ ಹೆಚ್ಚಾಗಿ ಎಂಜಿನ್ನಿನದೇ.

ಆಟ ಬದಲಾಗಿದ್ದು ಹೆಬ್ಬಾಳ ಹತ್ತಿರವಾದಾಗ. ಬೆಳಿಗ್ಗೆ ಒಂಬತ್ತರ ಹೊತ್ತು, ಆಮೆ ನಡಿಗೆ. ಮೈಲ್ಡ್‌ನ ಮೈಲೇಜ್ ಕಣ್ಣೆದುರೇ ಇಳಿದು 12ರ ಆಸುಪಾಸಿಗೆ ಬಂತು. ಸ್ಟ್ರಾಂಗ್ ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ 26. ಮುಕ್ಕಾಲು ಪಾಲು ಹೊತ್ತು ಎಂಜಿನ್ ಮಲಗಿಯೇ ಇತ್ತು, ಏಸಿ ಮಾತ್ರ ಓಡುತ್ತಿತ್ತು. ಇದರ ಏಸಿ ಬ್ಯಾಟರಿಯಿಂದಲೇ ನಡೆಯುವುದರಿಂದ ಎಂಜಿನ್ ನಿಂತರೂ ತಣ್ಣಗಿರುತ್ತದೆ. ಮೈಲ್ಡ್‌ನಲ್ಲಿ ಎಂಜಿನ್ ಆಫ್ ಆದರೆ ಸ್ವಲ್ಪ ಹೊತ್ತಿಗೆ ಬರೀ ಗಾಳಿ. ಬೆವರೊರೆಸಿಕೊಂಡು ಆಫೀಸಿಗೆ ಹೋಗುವವರಿಗೆ ಇದು ಸಣ್ಣ ವಿಷಯವಲ್ಲ.

ವಾರದ ಕೊನೆಗೆ ಬಂಕ್ ಹೇಳಿದ್ದು: ಸ್ಟ್ರಾಂಗ್ 23, ಮೈಲ್ಡ್ 16. ಕಂಪನಿಯ ಪಟ್ಟಿಯಲ್ಲಿ ಸ್ಟ್ರಾಂಗ್‌ಗೆ 27.97, ಮೈಲ್ಡ್ ಆಟೊಮ್ಯಾಟಿಕ್‌ಗೆ 20.58 ಇದೆ. ಎರಡೂ ಕಡೆ ನಾಲ್ಕೈದು ಕಡಿಮೆ ಬಂತು. ಯಾವ ಗಾಡಿಗೆ ಪಟ್ಟಿಯ ಮೈಲೇಜ್ ಬಂದಿದೆ ಹೇಳಿ?

ನಂದಿ ಬೆಟ್ಟವನ್ನು ಬಿಡುವುದುಂಟೇ? ಸೋಮವಾರ ಬೆಳಗಿನ ಜಾವ, ವಾರಾಂತ್ಯದ ಜಾತ್ರೆ ತಪ್ಪಿಸಿ, ನಾಲ್ಕು ಜನ ಕೂತು ಹತ್ತಿದೆವು. ಬೆಟ್ಟದ ತುದಿ 1,478 ಮೀಟರ್. ಘಾಟಿಯಲ್ಲಿ ಸುಮಾರು ನಾಲ್ಕೂವರೆ ನೂರು ಮೀಟರ್ ಏರುತ್ತೇವೆ ಅಂತಿಟ್ಟುಕೊಳ್ಳಿ. ಹತ್ತುವಾಗ ಸ್ಟ್ರಾಂಗ್ ಹೈಬ್ರಿಡ್ ಸದ್ದು ಮಾಡಿತು. ಗೇರ್ ಬದಲಾಗುವ ಪದ್ಧತಿ ಇದರಲ್ಲಿಲ್ಲ. ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಒಂದೇ ಶ್ರುತಿ ಹಿಡಿದು ಕೂಗುತ್ತದೆ, ವೇಗ ಹಿಂದಿನಿಂದ ನಿಧಾನಕ್ಕೆ ಬರುತ್ತದೆ. ನಾಲ್ಕು ತಿರುವು ದಾಟಿದ ಮೇಲೆ ಕಾಲು ಸ್ವಲ್ಪ ಸಡಿಲ ಮಾಡುವುದನ್ನು ಕಲಿತೆ, ಕೂಗೂ ನಿಂತಿತು. ಮೈಲ್ಡ್ ಈ ವಿಷಯದಲ್ಲಿ ಹಳೇ ಗೆಳೆಯನಂತೆ, ಗೇರ್ ಇಳಿಸಿಕೊಂಡು ಆರಾಮಾಗಿ ಹತ್ತಿತು. ಎಲೆಕ್ಟ್ರಿಕ್ ಬಗ್ಗೆ ಮಾತೇ ಬೇಡ. ಬೆಟ್ಟ ಇದೆ ಅಂತಲೇ ಅದಕ್ಕೆ ಗೊತ್ತಾಗಲಿಲ್ಲ.

ಇಳಿಯುವಾಗಿನ ಕಥೆ ಇನ್ನೂ ಸ್ವಾರಸ್ಯ. ಜನ ಸೇರಿ 1,600 ಕೆ.ಜಿ. ತೂಗುವ ಕಾರು ಅಷ್ಟು ಎತ್ತರದಿಂದ ಇಳಿದರೆ ಲೆಕ್ಕದಲ್ಲಿ ಸುಮಾರು ಎರಡು ಯೂನಿಟ್ ಕರೆಂಟಿನಷ್ಟು ಶಕ್ತಿ. ಹೈಬ್ರಿಡ್ ಬ್ಯಾಟರಿಯಲ್ಲಿ ಅದಕ್ಕೆ ಜಾಗ ಎಲ್ಲಿದೆ? ಅರ್ಧ ದಾರಿಗೇ ಬ್ಯಾಟರಿಯ ಗೆರೆಗಳು ತುಂಬಿದವು. ಆಮೇಲೆ ಎಂಜಿನ್ನೇ ಬ್ರೇಕಿನಂತೆ ತಡೆಯುವ ಬಿ ಮೋಡ್‌ಗೆ ಹಾಕಿ ಎಂಜಿನ್ ಹಿಡಿತದಲ್ಲೇ ಇಳಿಸಿದೆ. ಸೇರು ಹಿಡಿದು ಮಳೆನೀರಿಗೆ ನಿಂತ ಹಾಗೆ. ಎಲೆಕ್ಟ್ರಿಕ್ ಮಾತ್ರ ಹಂಡೆಯನ್ನೇ ಇಟ್ಟಿತ್ತು. ಮೇಲೆ 68 ತೋರಿಸುತ್ತಿದ್ದ ಬ್ಯಾಟರಿ ಕೆಳಗೆ ಬಂದಾಗ 70. ಮೈಲ್ಡ್‌ಗೆ ಸಿಕ್ಕಿದ್ದು ಬಿಸಿ ಬ್ರೇಕಿನ ವಾಸನೆ.

ಓಡಿಸುವ ಖುಷಿ ಒಂದೇ ಸಾಕು ಅನ್ನುವುದಾದರೆ ನಾನು ಎಲೆಕ್ಟ್ರಿಕ್ಕನ್ನೇ ತರುತ್ತಿದ್ದೆ. ಕಿಲೋಮೀಟರಿಗೆ ಒಂದು ರೂಪಾಯಿಯೂ ಬೀಳಲಿಲ್ಲ. ಜಿಎಸ್‌ಟಿ ಬರೀ ಶೇ 5. ನನ್ನನ್ನು ತಡೆದಿದ್ದು ಕಾರಲ್ಲ, ಮನೆ. ನಾವಿರುವುದು ಬಾಡಿಗೆ ಮನೆಯ ಮೊದಲ ಮಹಡಿ, ಕಾರು ನಿಲ್ಲುವುದು ಬೀದಿಯಲ್ಲಿ. ಗೆಳೆಯನ ಕಾರಿಗೆ ಅಂತ ಕಿಟಕಿಯಿಂದ ವೈರ್ ಇಳಿಬಿಟ್ಟೆ. ಓನರ್ ಆಂಟಿ ಬೆಳಿಗ್ಗೆ ಅದನ್ನು ನೋಡಿ "ಏನಪ್ಪಾ ಇದು, ಬಟ್ಟೆ ಒಣಗಿಸೋ ದಾರಾನಾ?" ಅಂದರು. ರಾತ್ರಿ ಮಧ್ಯೆ ಎರಡು ಗಂಟೆ ಕರೆಂಟೂ ಹೋಗಿತ್ತು. 15 ಆಂಪಿಯರ್ ಪ್ಲಗ್‌ನಲ್ಲಿ ಈ ಬ್ಯಾಟರಿ ಖಾಲಿಯಿಂದ ತುಂಬಲು ಒಂದು ರಾತ್ರಿ ಹೇಗೂ ಸಾಲದು. ಸ್ವಂತ ಮನೆ, ಸ್ವಂತ ಮೀಟರ್ ಇದ್ದವರು ಈ ಲೇಖನ ಇಲ್ಲಿಗೇ ನಿಲ್ಲಿಸಿ ಎಲೆಕ್ಟ್ರಿಕ್ ನೋಡಲು ಹೋಗಬಹುದು.

ಇನ್ನು ದುಡ್ಡು. ಒಂದೇ ದರ್ಜೆಯ ಮೈಲ್ಡ್ ಮತ್ತು ಸ್ಟ್ರಾಂಗ್ ನಡುವೆ ನನ್ನ ಕೈಗೆ ಬಂದ ಆನ್‌ರೋಡ್ ಕೊಟೇಶನ್‌ನಲ್ಲಿ ಎರಡೂವರೆ ಲಕ್ಷ ವ್ಯತ್ಯಾಸ. ಪೆಟ್ರೋಲ್ 103 ರೂಪಾಯಿ ಅಂತ ಹಿಡಿದೆ. ನಾನು ವರ್ಷಕ್ಕೆ 18,000 ಕಿ.ಮೀ. ಓಡಿಸುತ್ತೇನೆ, ಉಳಿತಾಯ 35,000 ರೂಪಾಯಿ. ಅಂದರೆ ಕೊಟ್ಟ ದುಡ್ಡು ವಾಪಸ್ ಬರಲು ಏಳು ವರ್ಷ. ನಮ್ಮ ಪಕ್ಕದ ಮನೆ ಮೇಷ್ಟ್ರ ಹಾಗೆ ವರ್ಷಕ್ಕೆ 8,000 ಓಡಿಸಿದರೆ ಹದಿನಾರು ವರ್ಷ! ಅಷ್ಟರಲ್ಲಿ ಮೇಷ್ಟ್ರು ರಿಟೈರ್ ಆಗಿರುತ್ತಾರೆ. ಸರ್ಕಾರದಿಂದ ರಿಯಾಯಿತಿ ಸಿಗುತ್ತದೆ ಅಂದುಕೊಳ್ಳಬೇಡಿ. 2025ರ ಸೆಪ್ಟೆಂಬರ್ 22ರಿಂದ ಈ ಗಾತ್ರದ ಕಾರುಗಳಿಗೆ ಹೈಬ್ರಿಡ್ ಆದರೂ ಶೇ 40 ಜಿಎಸ್‌ಟಿ, ಪೆಟ್ರೋಲ್ ಆದರೂ ಶೇ 40. ಉತ್ತರ ಪ್ರದೇಶ 2024ರಲ್ಲಿ ಸ್ಟ್ರಾಂಗ್ ಹೈಬ್ರಿಡ್‌ಗೆ ನೋಂದಣಿ ತೆರಿಗೆ ಬಿಟ್ಟಿತು. ನನ್ನ ಕೊಟೇಶನ್‌ನಲ್ಲಿ ರಸ್ತೆ ತೆರಿಗೆ ಪೂರ್ತಿಯಾಗಿಯೇ ಇತ್ತು.

ಬ್ಯಾಟರಿ ಕೆಟ್ಟರೆ ಅನ್ನುವ ಭಯ ಮಾವನವರದು. ಅದಕ್ಕೆ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಇದೆ ಅಂದಮೇಲೆ ಸುಮ್ಮನಾದರು. ಆದರೆ ತೋಟಕ್ಕೆ ಕಾರು ತಂದ ದಿನ ಡಿಕ್ಕಿ ತೆಗೆದು ನೋಡಿ ಮುಖ ಸಣ್ಣ ಮಾಡಿಕೊಂಡರು. ಬ್ಯಾಟರಿ ಹಿಂದೆ ಕೂತಿರುವುದರಿಂದ ಸ್ಟ್ರಾಂಗ್‌ನಲ್ಲಿ ಡಿಕ್ಕಿ 265 ಲೀಟರ್, ಮೈಲ್ಡ್‌ನಲ್ಲಿ 373. ಲೀಟರ್ ಲೆಕ್ಕ ಮಾವನವರಿಗೆ ಬೇಡ. ಅಲ್ಲಿ ನಾಲ್ಕು ದ್ರಾಕ್ಷಿ ಕ್ರೇಟ್ ಹಿಡಿಸಿದವು, ಇಲ್ಲಿ ಎರಡೇ.

ಕೊನೆಗೆ ಸ್ಟ್ರಾಂಗ್ ಹೈಬ್ರಿಡ್ಡನ್ನೇ ಬುಕ್ ಮಾಡಿದೆ. ವಾರಕ್ಕೆ ಮೂರು ದಿನ ಹೆಬ್ಬಾಳ ನೋಡಬೇಕಾದವನಿಗೆ ಅದೇ ಸರಿ ಅನ್ನಿಸಿತು. ಹಳೇ ಡೀಸೆಲ್ ಗಾಡಿಯನ್ನು ಮಾವನವರು ತೋಟಕ್ಕೆ ಬಿಟ್ಟು ಹೋಗಿ ಅಂದಿದ್ದಾರೆ. ಅದರಲ್ಲಿ ಹಿಂದಿನ ಸೀಟು ಮಡಚಿದರೆ ಒಂಬತ್ತು ಕ್ರೇಟ್ ಹಿಡಿಸುತ್ತದಂತೆ.