ಡೀಸೆಲ್ ಎಫ್-250ಗೆ ರಿಮೋಟ್ ಸ್ಟಾರ್ಟ್: ಹಾಕಿಸಿ, ಆದರೆ ಗ್ಲೋ ಪ್ಲಗ್ ಬಗ್ಗೆ ಮೊದಲೇ ಕೇಳಿ

ನಮ್ಮದು 2018ರ ಫೋರ್ಡ್ ಎಫ್-250 ಪಿಕಪ್ ಟ್ರಕ್, 6.7 ಲೀಟರ್ ಡೀಸೆಲ್. ಎಕ್ಸ್‌ಎಲ್ ಮಾದರಿ, ಅಂದರೆ ಕೆಲಸಕ್ಕೆ ಅಂತ ಕೊಳ್ಳುವ ಬೋಳು ಗಾಡಿ. ನಮ್ಮದಕ್ಕೆ ಕಂಪನಿಯಿಂದ ರಿಮೋಟ್ ಸ್ಟಾರ್ಟ್, ಅಂದರೆ ಗಾಡಿ ಹತ್ತದೆ ದೂರದಿಂದಲೇ ಇಂಜಿನ್ ಸ್ಟಾರ್ಟ್ ಮಾಡುವ ವ್ಯವಸ್ಥೆ, ಬಂದಿರಲಿಲ್ಲ. ಬೇಸಿಗೆಯಲ್ಲಿ ಕ್ಯಾಂಪರ್ (ಮಲಗೋಕೆ ಜಾಗ ಇರುವ ಪ್ರವಾಸದ ಟ್ರೇಲರ್) ಎಳೆಯೋಕೆ ಕೊಂಡಿದ್ದು, ಆದರೆ ಅಮೆರಿಕದ ಮಿನೆಸೋಟದಲ್ಲಿ ಬೇಸಿಗೆ ಎಷ್ಟು ದಿನ ಇರುತ್ತದೆ ಹೇಳಿ! ಗ್ಯಾರೇಜಿನೊಳಗೆ ಇದು ಹಿಡಿಸುವುದಿಲ್ಲ, ಬಾಗಿಲೇ ಮುಚ್ಚೋಕಾಗಲ್ಲ, ಹಾಗಾಗಿ ಚಳಿಗಾಲ ಪೂರ್ತಿ ಮನೆ ಮುಂದೆ ಹಿಮದಲ್ಲೇ ನಿಂತಿರುತ್ತದೆ. ಮೈನಸ್ 25 ಡಿಗ್ರಿಯಲ್ಲಿ ಸ್ಟೀರಿಂಗ್ ಹಿಡಿದರೆ ಗ್ಲೌಸ್ ಒಳಗಿನ ಬೆರಳೂ ಜುಮ್ಮೆನ್ನುತ್ತದೆ. ಅದಕ್ಕೇ ಹೊರಗಡೆ ಅಂಗಡಿಯಲ್ಲಿ ಹಾಕಿಸಿದೆ. ಕೂಲಿ ಸೇರಿ 500 ಡಾಲರ್ ಹತ್ತಿರ ಆಯಿತು.

ಅನುಕೂಲ ಖಂಡಿತ ಇದೆ. ಇನ್ನೊಂದು ರಿಮೋಟ್ ಹೊತ್ತು ತಿರುಗಬೇಕಿಲ್ಲ, ಗಾಡಿಯ ಕೀಯಲ್ಲೇ ಲಾಕ್ ಗುಂಡಿಯನ್ನು ಮೂರು ಸಲ ಒತ್ತಿದರೆ ಸಾಕು. ಅಡುಗೆಮನೆಯಿಂದಲೇ ಒತ್ತಿ ಕಾಫಿ ಕುಡಿದು ಹೋಗಬಹುದು. ನಮ್ಮದರಲ್ಲಿ ಹೀಟರ್ ಕೈಯಲ್ಲಿ ತಿರುಗಿಸುವಂಥದ್ದು, ಹಾಗಾಗಿ ಹಿಂದಿನ ರಾತ್ರಿಯೇ ಗಾಳಿಯನ್ನು ಗಾಜಿನ ಕಡೆ ತಿರುಗಿಸಿ ಇಟ್ಟು ಬರಬೇಕು. ವೈಪರ್ ಮಾತ್ರ ಆಫ್ ಮಾಡಿ ಇಳಿಯಿರಿ, ಇಲ್ಲದಿದ್ದರೆ ಐಸ್‌ಗೆ ಅಂಟಿದ ರಬ್ಬರ್ ಹರಿದೇ ಹೋಗುತ್ತದೆ. ಕೀಯ ಸಿಗ್ನಲ್ ಜಾಸ್ತಿ ದೂರ ಹೋಗುವುದಿಲ್ಲ. ಆಫೀಸಿನ ಒಳಗಿಂದ ಸ್ಟಾರ್ಟ್ ಆಗಬೇಕು ಅಂದರೆ ಬೇರೆ ಆಂಟೆನಾ, ಬೇರೆ ರಿಮೋಟ್, ಮತ್ತೆ ದುಡ್ಡು.

ತಲೆನೋವು ಬಂದಿದ್ದು ಗ್ಲೋ ಪ್ಲಗ್‌ನಿಂದ. ಡೀಸೆಲ್ ಇಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲವಲ್ಲ, ಒತ್ತಿದ ಗಾಳಿಯ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. ಚಳಿಗೆ ಆ ಬಿಸಿ ಸಾಲುವುದಿಲ್ಲ ಅಂತ ಸಿಲಿಂಡರಿಗೊಂದು ಗ್ಲೋ ಪ್ಲಗ್ ಇಟ್ಟಿರುತ್ತಾರೆ. ಕೀ ಆನ್ ಮಾಡಿದಾಗ ಡ್ಯಾಶ್‌ನಲ್ಲಿ ಸುರುಳಿಯಂಥ ಹಳದಿ ದೀಪ ಹತ್ತುತ್ತದೆ, ಅದು ಆರಿದ ಮೇಲೇ ಸ್ಟಾರ್ಟ್ ಮಾಡಬೇಕು. ನಮ್ಮ ಅಂಗಡಿಯವರು ಪೆಟ್ರೋಲ್ ಗಾಡಿಯ ಸೆಟ್ಟಿಂಗ್‌ನಲ್ಲೇ ಬಿಟ್ಟು ಕಳಿಸಿದ್ದರು. ಅಕ್ಟೋಬರಿನಲ್ಲಿ ಏನೂ ಗೊತ್ತಾಗಲಿಲ್ಲ. ನಿಜವಾದ ಚಳಿ ಬಿದ್ದ ಬೆಳಗ್ಗೆ, ದೀಪಕ್ಕೆ ಕಾಯದೆ ಗರಗರ ಎಳೆದು, ಬಿಳಿ ಹೊಗೆ ಉಗುಳಿ ನಿಂತಿತು. ಆಮೇಲೆ ತಾನೇ ಮತ್ತೆ ಎಳೆಯಿತು. ಅಂಗಡಿಗೆ ಹೋದರೆ ‘ಬ್ಯಾಟರಿ ಟೆಸ್ಟ್ ಮಾಡಿಸಿ’ ಅಂತ ಉತ್ತರ. ಈ ಗಾಡಿಗೆ ಇರುವುದೇ ಎರಡು ಬ್ಯಾಟರಿ, ಎರಡೂ ಹೊಸವು! ಸಾಕಷ್ಟು ವಾದ ಆದ ಮೇಲೆ ರಿಮೋಟ್ ಸ್ಟಾರ್ಟ್‌ನ ಕಂಟ್ರೋಲ್ ಪೆಟ್ಟಿಗೆಯನ್ನು ಲ್ಯಾಪ್‌ಟಾಪ್‌ಗೆ ಜೋಡಿಸಿ ಡೀಸೆಲ್ ಅಂತ ಬದಲಾಯಿಸಿದರು. ಅಲ್ಲಿಂದ ತೊಂದರೆ ಇಲ್ಲ. ನೀವು ಹಾಕಿಸುವುದಾದರೆ ಗಾಡಿ ಕೊಡುವ ಮುಂಚೆಯೇ ಇದನ್ನು ಕೇಳಿ. ಬಾನೆಟ್ ತೆರೆದಿದ್ದಾಗ ಸ್ಟಾರ್ಟ್ ಆಗದಂತೆ ತಡೆಯುವ ಸ್ವಿಚ್ ಹಾಕಿದ್ದಾರಾ ಅಂತಲೂ ನೋಡಿ, ಒಳಗೆ ಕೈ ಹಾಕಿದವರ ಬೆರಳಿನ ವಿಷಯ ಅದು.

ಇನ್ನೊಂದು, ಹತ್ತಿ ಕೂತ ಮೇಲೆ ಕೀ ಹಾಕಿ ಆನ್‌ವರೆಗೆ ತಿರುಗಿಸಬೇಕು, ಆಮೇಲೇ ಬ್ರೇಕ್. ಮೊದಲೇ ಬ್ರೇಕ್ ಒತ್ತಿದರೆ ಇಂಜಿನ್ ಆಫ್. ಕಳ್ಳರಿಗಾಗಿ ಮಾಡಿದ್ದು ಸರಿ, ಆದರೆ ನನ್ನ ಹೆಂಡತಿ ಹತ್ತಿದ ಕೂಡಲೇ ಬ್ರೇಕ್ ಮೇಲೆ ಕಾಲಿಡುತ್ತಾಳೆ. ಈ ಸಿಸ್ಟಮ್‌ಗೆ ಅವಳು ಇಟ್ಟಿರುವ ಹೆಸರನ್ನು ಇಲ್ಲಿ ಬರೆಯೋಕಾಗಲ್ಲ.

ರಿಮೋಟ್ ಸ್ಟಾರ್ಟ್ ಬಂತು ಅಂತ ಬ್ಲಾಕ್ ಹೀಟರ್ (ಮನೆಯ ಕರೆಂಟಿನಿಂದ ಇಂಜಿನ್ ಬೆಚ್ಚಗಿಡುವ ಹೀಟರ್) ವೈರನ್ನು ಮೂಲೆಗೆ ಎಸೆಯಬೇಡಿ. ಈ ಇಂಜಿನ್‌ನಲ್ಲಿ 13 ಕ್ವಾರ್ಟ್, ಅಂದರೆ 12 ಲೀಟರಿಗೂ ಮೇಲೆ ಆಯಿಲ್ ಇದೆ. ಅಷ್ಟು ದೊಡ್ಡ ಡೀಸೆಲ್ ಸುಮ್ನೆ ನಿಂತು ಓಡಿದರೆ ಬೇಗ ಬಿಸಿಯಾಗುವುದಿಲ್ಲ. ನಮ್ಮದು 15 ನಿಮಿಷಕ್ಕೆ ತಾನೇ ಆಫ್ ಆಗುತ್ತದೆ, ಅಷ್ಟರಲ್ಲಿ ಟೆಂಪರೇಚರ್ ಮುಳ್ಳು ಅಲುಗಾಡಿದರೆ ಹೆಚ್ಚು. ಮತ್ತೆ ಮತ್ತೆ ಒತ್ತಿ ಓಡಿಸುತ್ತಾ ಇದ್ದರೆ ಸೈಲೆನ್ಸರ್ ಕಡೆಯ ಫಿಲ್ಟರ್‌ನಲ್ಲಿ ಮಸಿ ಕಟ್ಟಿಕೊಳ್ಳುತ್ತದೆ. ನಾನು ಬೆಳಗಿನ ಜಾವ ಬ್ಲಾಕ್ ಹೀಟರ್ ಆನ್ ಆಗುವಂತೆ ಟೈಮರ್ ಇಟ್ಟಿದ್ದೇನೆ. ಆಮೇಲೆ ರಿಮೋಟ್ ಒತ್ತಿದರೆ ಬಿಸಿ ಗಾಳಿ ಬೇಗ ಬರುತ್ತದೆ. ಹೊರಡುವ ಮುಂಚೆ ವೈರ್ ಕೀಳುವುದನ್ನು ಮರೆಯಬಾರದು ಅಷ್ಟೇ. ಮುಚ್ಚಿದ ಗ್ಯಾರೇಜಿನಲ್ಲಿ ಗಾಡಿ ಇಡುವವರು ಈ ಗುಂಡಿಯ ಸಹವಾಸಕ್ಕೇ ಹೋಗಬೇಡಿ, ಹೊಗೆಯ ಕಾರ್ಬನ್ ಮೊನಾಕ್ಸೈಡ್ ಮನೆಯೊಳಗೆ ಬರುತ್ತದೆ.

ಹೊರಗೆ ಹಾಕಿಸಿದರೆ ವಾರಂಟಿ ಹೋಗುತ್ತದೆ ಅಂತ ಹೆದರಿಸುವವರು ಇರುತ್ತಾರೆ. ಅಮೆರಿಕದಲ್ಲಿ 1975ರ ಮ್ಯಾಗ್ನುಸನ್-ಮಾಸ್ ಕಾಯ್ದೆ ಇದೆ, ಹೊರಗಿನ ಸಾಮಾನು ಹಾಕಿದ ಒಂದೇ ಕಾರಣಕ್ಕೆ ವಾರಂಟಿ ಇಲ್ಲ ಅನ್ನುವ ಹಾಗಿಲ್ಲ. ಆದರೆ ಆ ಸಾಮಾನಿನಿಂದಲೇ ಏನಾದರೂ ಕೆಟ್ಟರೆ ಅದರ ಖರ್ಚು ನಿಮ್ಮ ತಲೆಗೇ ಬರಬಹುದು, ಹಾಗಾಗಿ ಅಂಗಡಿಯ ಬಿಲ್ ಎತ್ತಿಟ್ಟುಕೊಳ್ಳಿ.